ಆ್ಯಪ್ ತೆರೆದರೆ ಒಳಗೆ ಆಟವೇ ಇಲ್ಲ

ಕಳೆದ ರಜೆಗೆ ಊರಿಗೆ ಹೋಗಿದ್ದಾಗ ತಂಗಿಯ ಮಗ ಐಫೋನ್ ಹಿಡಿದುಕೊಂಡು ನನ್ನ ಹತ್ತಿರ ಬಂದ. "ಮಾಮ, ನೀವು ಹೇಳಿದ ಆ್ಯಪ್ ಹಾಕಿದೆ. ಒಳಗೆ ಎಂತದೂ ಇಲ್ಲ" ಅಂದ. ನೋಡಿದರೆ ನಿಜವೇ. ರೆಟ್ರೋಆರ್ಕ್ ಎಂಬ ಆ ಆ್ಯಪ್ ತೆರೆದಾಗ ಕಾಣುವುದು ಒಂದು ಮೆನು, ಅದರಲ್ಲಿ 'ಲೋಡ್ ಕೋರ್', 'ಲೋಡ್ ಕಂಟೆಂಟ್' ಎಂಬ ಸಾಲುಗಳು. ಮಾರಿಯೋ ಇಲ್ಲ, ಕಾಂಟ್ರಾ ಇಲ್ಲ. ಹದಿಮೂರು ವರ್ಷದ ಹುಡುಗನಿಗೆ ಇದು ಮೋಸ ಅನಿಸಿತು. "ಆಟದ ಆ್ಯಪ್‌ನಲ್ಲಿ ಆಟವೇ ಇಲ್ಲದಿದ್ದರೆ ಅದು ಮಾಡುವುದಾದರೂ ಎಂತ?" ಎಂದು ಕೇಳಿದ.

ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ಅಂದು ಕೊಟ್ಟ ಉತ್ತರ ಅರ್ಧಂಬರ್ಧ. ಹಾಗಾಗಿ ಈ ಬರಹ ಅವನಿಗೆ; ಗಲ್ಫಿನಿಂದ ಬಂದ ವೀಡಿಯೋ ಗೇಮ್ ಮುಂದೆ ಕೂತು ಉಮ್ಮನ ಬೈಗುಳ ತಿಂದು ಬೆಳೆದ ನನ್ನ ಪ್ರಾಯದವರಿಗೂ.

ನಮ್ಮ ಮನೆಗೆ ಆ ಪೆಟ್ಟಿಗೆ ಬಂದದ್ದು 1993ರಲ್ಲಿ, ದುಬೈಯಿಂದ ಉಪ್ಪ ತಂದ ಸೂಟ್‌ಕೇಸಿನಲ್ಲಿ, ಟ್ಯಾಂಗ್ ಡಬ್ಬಿ ಮತ್ತು ಬಟ್ಟೆಗಳ ನಡುವೆ. ಬಿಳಿ-ಕೆಂಪು ಪ್ಲಾಸ್ಟಿಕ್, ವಯರಿನ ತುದಿಗೆ ಎರಡು ರಿಮೋಟ್, ಮೇಲಿನಿಂದ ತುರುಕುವ ಹಳದಿ ಕ್ಯಾಸೆಟ್. ಕ್ಯಾಸೆಟಿನ ಮೇಲೆ '9999999 ಇನ್ 1' ಎಂದು ಬರೆದಿತ್ತು. ಎಣಿಸಿ ನೋಡಿದರೆ ಬೇರೆ ಬೇರೆ ಆಟ ಇದ್ದದ್ದು ಏಳೋ ಎಂಟೋ, ಉಳಿದದ್ದೆಲ್ಲ ಅವೇ. ಪೆಟ್ಟಿಗೆ ಅಸಲಿಯಲ್ಲ, ಜಪಾನಿನ ನಿಂಟೆಂಡೋ ಕಂಪೆನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲು ಎಂದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಉಪ್ಪನಿಗೂ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ಅದು ಮಳೆಗಾಲದ ಒಂದು ಸಿಡಿಲಿಗೆ ಟಿವಿಯ ಜೊತೆಗೇ ಹೋಗಿತ್ತು.

ಅಂಥ ಯಂತ್ರದೊಳಗೆ ಇದ್ದದ್ದು ಮುಖ್ಯವಾಗಿ ಎರಡು ಚಿಪ್. ಒಂದು ಲೆಕ್ಕ ಮಾಡುವುದು, ಸೆಕೆಂಡಿಗೆ ಸುಮಾರು 18 ಲಕ್ಷ ಬಡಿತದಲ್ಲಿ. ಶಬ್ದವನ್ನು ಹುಟ್ಟಿಸುವುದೂ ಅದೇ. ಇನ್ನೊಂದು 256 ಚುಕ್ಕೆ ಅಗಲ, 240 ಚುಕ್ಕೆ ಎತ್ತರದ ಚಿತ್ರ ಬಿಡಿಸುವುದು. ಆ ಚಿಪ್‌ಗಳು ಇಲ್ಲದ ಕಂಪ್ಯೂಟರಿನಲ್ಲಿ, ಅವು ಮಾಡುವುದನ್ನೆಲ್ಲ ಒಂದೊಂದಾಗಿ ಅನುಕರಿಸುವ ಪ್ರೋಗ್ರಾಮೇ ಎಮ್ಯುಲೇಟರ್. ಕ್ಯಾಸೆಟಿನೊಳಗಿನ ಮಾಹಿತಿಯನ್ನು ಫೈಲ್ ಮಾಡಿ ಕೊಟ್ಟರೆ, ತಾನು ಯಾವ ಯಂತ್ರದೊಳಗಿದ್ದೇನೆ ಎಂದು ಆಟಕ್ಕೆ ತಿಳಿಯುವುದಿಲ್ಲ.

ನಾನು ಮೊದಲು ಕಂಡ ಎಮ್ಯುಲೇಟರ್ ನೆಸ್ಟಿಕಲ್. ಐಸರ್ ಆಡಿಸ್ ಎಂಬವರು 1997ರ ಏಪ್ರಿಲ್‌ನಲ್ಲಿ ಹೊರತಂದದ್ದು. ಮಂಗಳೂರಿನ ಒಂದು ಸೈಬರ್ ಕೆಫೆಯಲ್ಲಿ ಗೆಳೆಯನೊಬ್ಬ ಅದನ್ನು ಫ್ಲಾಪಿಯಿಂದ ಹಾಕಿ ತೋರಿಸಿದ. ಮೌಸಿನ ಬಾಣದ ಬದಲು ರಕ್ತ ತೊಟ್ಟಿಕ್ಕುವ ಕೈ. ಅದರಾಚೆ, ಸಿಡಿಲಿಗೆ ಸತ್ತು ಹೋದ ನಮ್ಮ ಕಾಂಟ್ರಾ ಬದುಕಿ ಕೂತಿತ್ತು. ಗಂಟೆಗೆ ಮೂವತ್ತು ರೂಪಾಯಿ ಕೊಟ್ಟು ಅದನ್ನು ಆಡಿದ್ದೇನೆ ಎಂದು ಮನೆಯಲ್ಲಿ ಈವರೆಗೆ ಹೇಳಿಲ್ಲ.

ಆದರೆ ಅಂದಿನ ಎಮ್ಯುಲೇಟರುಗಳಿಗೆ ಒಂದು ರೋಗವಿತ್ತು. ಚಿಪ್‌ಗಳ ಅನುಕರಣೆಯ ಜೊತೆಗೆ ಪರದೆಗೆ ಬರೆಯುವುದು, ಸೌಂಡ್ ಕಾರ್ಡಿಗೆ ಶಬ್ದ ಕಳಿಸುವುದು, ಕೀಬೋರ್ಡ್ ಓದುವುದು, ಮೆನು ತೋರಿಸುವುದು, ಎಲ್ಲವೂ ಒಂದೇ ಪ್ರೋಗ್ರಾಮಿನೊಳಗೆ ಹೆಣೆದುಕೊಂಡಿರುತ್ತಿದ್ದವು. ಡಾಸ್ ಹೋಯಿತು, ಸೌಂಡ್ ಬ್ಲಾಸ್ಟರ್ ಕಾರ್ಡ್ ಹೋಯಿತು, ಅವುಗಳನ್ನು ನಂಬಿಕೊಂಡ ಎಮ್ಯುಲೇಟರೂ ಹೋಯಿತು. ಅದೇ 1997ರಲ್ಲಿ ಬಂದ ಝಡ್‌ಎಸ್‌ನೆಸ್ ಎಷ್ಟು ಹೆಸರುವಾಸಿಯಾಗಿತ್ತೆಂದರೆ ಸೂಪರ್ ನಿಂಟೆಂಡೋ ಅಂದರೆ ಅದೇ ಎಂದು ನಾವು ತಿಳಿದಿದ್ದೆವು. ಅದರ ಬಹುಭಾಗವನ್ನು ಇಂಟೆಲ್ ಚಿಪ್ಪಿನ ಅಸೆಂಬ್ಲಿ ಭಾಷೆಯಲ್ಲಿ ಬರೆದಿದ್ದರು. ಅಂದಿನ ನಿಧಾನದ ಕಂಪ್ಯೂಟರಿನಲ್ಲಿ ವೇಗ ಬಂದದ್ದು ಅದರಿಂದಲೇ. ಬೇರೆ ಜಾತಿಯ ಚಿಪ್ಪಿನ ಫೋನುಗಳ ಕಾಲ ಬಂದಾಗ ದಾಟಲಾಗದೆ ಹಿಂದೆ ಉಳಿದದ್ದೂ ಅದರಿಂದಲೇ. ಯಂತ್ರ ಸತ್ತರೂ ಆಟ ಬದುಕಲಿ ಎಂದು ಮಾಡಿದ ಪ್ರೋಗ್ರಾಮುಗಳು ಆ ಯಂತ್ರಗಳಿಗಿಂತ ಬೇಗ ಸಾಯುತ್ತಿದ್ದವು.

ಇದನ್ನು ಕಂಡವರು ಇರಲಿಲ್ಲ ಎಂದಲ್ಲ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ಶುರುಮಾಡಿದ ಮೇಮ್, ಆರ್ಕೇಡ್ ಯಂತ್ರಗಳ ಎಮ್ಯುಲೇಟರ್, ವಿಂಡೋಸ್‌ಗೋ ಲಿನಕ್ಸ್‌ಗೋ ಸಂಬಂಧಿಸಿದ ಭಾಗವನ್ನು ಬೇರೆಯಾಗಿ ಇಟ್ಟುಕೊಂಡಿತ್ತು. ಪ್ಲೇಸ್ಟೇಷನ್ ಎಮ್ಯುಲೇಟರುಗಳಲ್ಲಿ ಪಿಎಸ್‌ಇಮು ಪ್ರೋ ತಂದ ಪ್ಲಗಿನ್ ಪದ್ಧತಿ ಬಳಕೆಗೆ ಬಂತು. ಚಿತ್ರಕ್ಕೊಂದು, ಶಬ್ದಕ್ಕೊಂದು, ಸಿಡಿಗೊಂದು ತುಂಡು. ಅಲ್ಲಿ ಕತ್ತರಿಸಿದ್ದು ಯಂತ್ರದ ಒಳಗನ್ನೇ. ಒಂದು ಆಟಕ್ಕೆ ಒಂದು ಪ್ಲಗಿನ್, ಇನ್ನೊಂದಕ್ಕೆ ಇನ್ನೊಂದು ಎಂದು ಬದಲಾಯಿಸುವುದರಲ್ಲೇ ಸಂಜೆ ಮುಗಿಯುತ್ತಿತ್ತು. ಕತ್ತರಿ ಎಲ್ಲಿ ಹಾಕಬೇಕು ಎಂಬುದು ಬಗೆಹರಿದದ್ದು ತಡವಾಗಿ, ಬೇರೆಯೇ ಹಟದ ಒಬ್ಬರಿಂದ.

ಅವರು ಬ್ಯೂ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು, ಮುಂದೆ ನಿಯರ್ ಎಂದು ಹೆಸರು ಬದಲಿಸಿಕೊಂಡವರು. 2004ರಲ್ಲಿ ಬಿಎಸ್‌ನೆಸ್ ಎಂಬ ಸೂಪರ್ ನಿಂಟೆಂಡೋ ಎಮ್ಯುಲೇಟರ್ ಬರೆಯಲು ಕೂತರು. ಅವರಿಗೆ ವೇಗ ಮುಖ್ಯವಲ್ಲ, ಅಸಲಿ ಯಂತ್ರ ಮಾಡಿದ್ದನ್ನೇ ಮಾಡಬೇಕು. ಏರ್ ಸ್ಟ್ರೈಕ್ ಪೆಟ್ರೋಲ್ ಎಂಬ ಆಟದ ಉದಾಹರಣೆಯನ್ನು ಅವರೇ 2011ರ ಒಂದು ಲೇಖನದಲ್ಲಿ ಕೊಟ್ಟಿದ್ದಾರೆ. ಅದರಲ್ಲಿ ನಮ್ಮ ವಿಮಾನದ ಕೆಳಗೆ ಒಂದು ನೆರಳು ಬೀಳುತ್ತದೆ. ಪರದೆಯ ಒಂದು ಗೆರೆಯನ್ನು ಬಿಡಿಸುತ್ತಿರುವಾಗಲೇ ನಡುವಿನಲ್ಲಿ ಚಿಪ್ಪಿನ ಸೆಟ್ಟಿಂಗ್ ಬದಲಿಸಿ ಮಾಡಿದ ನೆರಳು ಅದು. ಒಂದೊಂದು ಗೆರೆಯನ್ನು ಇಡಿಯಾಗಿ ಬಿಡಿಸುವ ಎಮ್ಯುಲೇಟರುಗಳಲ್ಲಿ ವಿಮಾನ ಹಾರುತ್ತಿತ್ತು, ನೆರಳು ಇರುತ್ತಿರಲಿಲ್ಲ. ಆ ಒಂದು ನೆರಳಿಗೆ, ಅಂಥ ಹತ್ತು ಹಲವಕ್ಕೆ, ಬಿಎಸ್‌ನೆಸ್ 3 ಗಿಗಾಹರ್ಟ್ಸ್ ಕಂಪ್ಯೂಟರ್ ಕೇಳುತ್ತಿತ್ತು.

(ಆ ಆಟದ ಕತೆ ಏನೆಂದರೆ, ಜರಾಕ್ ಎಂಬ ದೇಶ ಸ್ವೀಟ್ ಎಂಬ ಪುಟ್ಟ ದೇಶವನ್ನು ಆಕ್ರಮಿಸುತ್ತದೆ. ಹೆಸರು ತಿರುಚಿದ್ದು ಯಾರಿಗೂ ಗೊತ್ತಾಗುತ್ತದೆ. 1990ರಲ್ಲಿ ಕುವೈತಿನಿಂದ ಅಮ್ಮಾನ್ ದಾರಿಯಾಗಿ ಉಟ್ಟ ಬಟ್ಟೆಯಲ್ಲಿ ಬಂದವರು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದ್ದಾರೆ. ಉಪ್ಪನ ಅಣ್ಣನೂ ಹಾಗೆಯೇ ಬಂದವರು. ನಾನು ಆ ಆಟವನ್ನು ಅವರೆದುರು ಆಡಿಲ್ಲ.)

ಇಷ್ಟು ಹಟದ ಮನುಷ್ಯನಿಗೆ ಕಿಟಕಿ, ಮೆನು, ಬಟನ್ ಸೆಟ್ಟಿಂಗುಗಳ ಕೆಲಸ ಎಂದರೆ ಯಂತ್ರದ ಅಧ್ಯಯನಕ್ಕೆ ಸಿಗಬೇಕಾದ ಸಮಯದ ನಷ್ಟ. 2010ರಲ್ಲಿ ಬಿಎಸ್‌ನೆಸ್‌ನ ಯಂತ್ರದ ಭಾಗವನ್ನಷ್ಟೇ ಬೇರೆ ಮಾಡಿ, ಇತರ ಪ್ರೋಗ್ರಾಮುಗಳು ಬಳಸುವಂತೆ ಲಿಬ್‌ಸ್ನೆಸ್ ಎಂಬ ಲೈಬ್ರರಿ ಮಾಡಿದರು. ಅದೇ ವರ್ಷ ನಾರ್ವೆಯ ಹಾನ್ಸ್-ಕ್ರಿಸ್ಟಿಯನ್ ಆರ್ಂಟ್ಜೆನ್, ಥೀಮೈಸ್ಟರ್ ಎಂಬ ಹೆಸರಿನಲ್ಲಿ, ಅದಕ್ಕೆ ಎಸ್‌ಎಸ್‌ನೆಸ್ ಎಂಬ ಚಿಕ್ಕ ಮುಂಭಾಗ ಬರೆದರು. ಬೇಗನೆ ಒಂದು ಸಂಗತಿ ಹೊಳೆಯಿತು: ಈ ಎರಡರ ನಡುವಿನ ಒಪ್ಪಂದದಲ್ಲಿ ಸೂಪರ್ ನಿಂಟೆಂಡೋಗೆ ಮಾತ್ರ ಸೇರಿದ್ದು ಬಹಳ ಕಡಿಮೆ. ಚಿತ್ರ, ಶಬ್ದ, ಬಟನ್ ಯಾವ ಯಂತ್ರಕ್ಕಿಲ್ಲ? ಆರ್ಂಟ್ಜೆನ್ ಮತ್ತು ಡ್ಯಾನಿಯಲ್ ಡಿ ಮ್ಯಾಟಿಸ್ ಅದನ್ನು ಎಲ್ಲ ಯಂತ್ರಗಳಿಗೂ ಒಗ್ಗಿಸಿದರು. ಒಪ್ಪಂದದ ಹೆಸರು ಲಿಬ್‌ರೆಟ್ರೋ ಆಯಿತು, 2012ರಲ್ಲಿ ಎಸ್‌ಎಸ್‌ನೆಸ್ ರೆಟ್ರೋಆರ್ಕ್ ಆಯಿತು. ಯಂತ್ರವನ್ನು ಅನುಕರಿಸುವ ತುಂಡಿಗೆ ಕೋರ್ ಎಂದೂ, ಪರದೆ-ಶಬ್ದ-ಬಟನ್ ನೋಡಿಕೊಳ್ಳುವ ಮುಂಭಾಗಕ್ಕೆ ಫ್ರಂಟ್‌ಎಂಡ್ ಎಂದೂ ಹೆಸರು. ನನ್ನ ಸೋದರಳಿಯ ತೆರೆದದ್ದು ಫ್ರಂಟ್‌ಎಂಡನ್ನು.

ಈ ಒಪ್ಪಂದ ಇರುವುದು ಸಿ ಭಾಷೆಯ ಒಂದೇ ಒಂದು ಹೆಡರ್ ಫೈಲಿನಲ್ಲಿ. ಕೋರ್ ಆಗಬೇಕಾದರೆ 25 ಫಂಕ್ಷನ್ ಹೊರಗೆ ತೋರಿಸಬೇಕು. ಅದರ ನಡೆಯನ್ನು ವಿವರಿಸಲು ನನಗೆ ಹೊಳೆಯುವುದು ನಮ್ಮ ಪಿಪಿ ನಂಬರ್. ಮನೆಯಲ್ಲಿ ಫೋನ್ ಇಲ್ಲದ ಕಾಲದಲ್ಲಿ ಗಲ್ಫಿನಲ್ಲಿದ್ದವರಿಗೆ ಪಕ್ಕದ ಅಂಗಡಿಯ ನಂಬರ್ ಬರೆದು 'ಪಿಪಿ' ಎಂದು ಸೇರಿಸುತ್ತಿದ್ದೆವು. ನಂಬರ್ ಮೊದಲೇ ಕೊಟ್ಟಿರುತ್ತದೆ, ಕರೆ ಬರುವುದು ಯಾವಾಗಲೋ. ಕೋರಿನ ಬಳಿ ಪರದೆ ಇಲ್ಲ, ಸ್ಪೀಕರ್ ಇಲ್ಲ, ಬಟನ್ ಇಲ್ಲ. ಫ್ರಂಟ್‌ಎಂಡ್ ಅದನ್ನು ಎಬ್ಬಿಸುವಾಗ ಆರು ನಂಬರ್ ಕೊಡುತ್ತದೆ. ಚಿತ್ರ ಸಿದ್ಧವಾದರೆ ಇದಕ್ಕೆ, ಶಬ್ದಕ್ಕೆ ಈ ಎರಡರಲ್ಲಿ ಒಂದಕ್ಕೆ, ಬಟನ್‌ಗಳನ್ನು ಈಗ ನೋಡು ಎನ್ನಲು ಇದಕ್ಕೆ, ಯಾವ ಬಟನ್ ಒತ್ತಿದೆ ಎಂದು ಕೇಳಲು ಇದಕ್ಕೆ, ಉಳಿದ ಏನೇ ಮಾತಿಗೆ ಇದೊಂದಕ್ಕೆ. ಪ್ರೋಗ್ರಾಮ್ ಬರೆಯುವವರು ಇವನ್ನು ಕಾಲ್‌ಬ್ಯಾಕ್ ಎನ್ನುತ್ತಾರೆ.

ಆಮೇಲೆ ಪರಿಚಯ. ನಿನ್ನ ಹೆಸರೇನು, ಯಾವ ಬಗೆಯ ಫೈಲ್ ಓದುತ್ತಿ ಎಂದು ಫ್ರಂಟ್‌ಎಂಡ್ ಕೇಳುತ್ತದೆ. ಆಟದ ಫೈಲನ್ನು ಕೋರಿನ ಕೈಗಿಡುತ್ತದೆ. ನಿನ್ನ ಚಿತ್ರದ ಅಳತೆ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ, ಎಷ್ಟು ಶಬ್ದದ ಮಾದರಿ ಎಂದು ಕೇಳುತ್ತದೆ. ಇಲ್ಲಿ ಒಂದು ಊರಿನ ಸಂಗತಿ ಇದೆ. ನಮ್ಮ ಟಿವಿ, ದುಬೈಯ ಟಿವಿ ಎರಡೂ ಪಾಲ್ ಪದ್ಧತಿಯವು, ಸೆಕೆಂಡಿಗೆ 50 ಚಿತ್ರ. ಜಪಾನ್ ಮತ್ತು ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ 60ರ ಹತ್ತಿರ. ಅದಕ್ಕೇ ಕೋರ್ ತನ್ನ ಪ್ರದೇಶ ಯಾವುದೆಂದೂ ಹೇಳಬೇಕು. 25ರಲ್ಲಿ ಒಂದು ಫಂಕ್ಷನ್ ಇರುವುದೇ ಅದಕ್ಕೆ.

ಮುಖ್ಯವಾದ ಫಂಕ್ಷನ್ 'ರೆಟ್ರೋ ರನ್'. ನಮ್ಮ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ 'ರೈಟ್ ಪೋಯಿ' ಅನ್ನದೆ ಡ್ರೈವರ್ ಹೊರಡುವುದಿಲ್ಲ, ಮುಂದಿನ ಸ್ಟಾಪಿನಲ್ಲಿ ಮತ್ತೆ ನಿಲ್ಲಬೇಕು. ಹಾಗೆ ಫ್ರಂಟ್‌ಎಂಡ್ ಒಮ್ಮೆ 'ರನ್' ಅಂದರೆ ಕೋರ್ ಬಟನ್ ವಿಚಾರಿಸಿ, ಒಂದೇ ಒಂದು ಚಿತ್ರದಷ್ಟು ಕಾಲ ಯಂತ್ರವನ್ನು ಓಡಿಸಿ, ಚಿತ್ರ ಮತ್ತು ಶಬ್ದ ಒಪ್ಪಿಸಿ, ಹಿಂದಿರುಗಬೇಕು. ಸೆಕೆಂಡಿಗೆ ಅರವತ್ತು ಸಲ ಹೀಗೆ.

ಕೇಳಲು ಸುಲಭ. ಹಳೆಯ ಎಮ್ಯುಲೇಟರುಗಳನ್ನು ಬರೆದವರಿಗೆ ಇದೇ ದೊಡ್ಡ ತಲೆನೋವಾಯಿತು. ಅವರ ಪ್ರೋಗ್ರಾಮುಗಳಲ್ಲಿ ಸ್ಟೀರಿಂಗೂ ಸೀಟಿಯೂ ಒಬ್ಬರದ್ದೇ ಕೈಯಲ್ಲಿದ್ದವು. ಒಮ್ಮೆ ಹೊರಟರೆ ಆಟ ಮುಗಿಯುವವರೆಗೆ ಒಂದೇ ಓಟ. ಈಗ ಪ್ರತಿ ಚಿತ್ರಕ್ಕೂ ಹೊರಗೆ ಬರಬೇಕು, ಮತ್ತೆ ಒಳಗೆ ಹೋದಾಗ ಬಿಟ್ಟಲ್ಲಿಂದಲೇ ಮುಂದುವರಿಯಬೇಕು. ನಿಯರ್ ತಮ್ಮ ಎಮ್ಯುಲೇಟರಿನ ಬೇರೆ ಬೇರೆ ಚಿಪ್‌ಗಳ ನಡುವೆ ಹೀಗೆ ಹಾರಾಡಲೆಂದು ಬರೆದ ಲಿಬ್‌ಕೋ ಎಂಬ ಸಣ್ಣ ಲೈಬ್ರರಿಯನ್ನು ಎಷ್ಟೋ ಕೋರುಗಳು ಈ ಕೆಲಸಕ್ಕೆ ಎರವಲು ಪಡೆದವು.

2020ರ ಲಾಕ್‌ಡೌನಿನಲ್ಲಿ ನಾನೂ ಒಂದು ಪುಟ್ಟ ಫ್ರಂಟ್‌ಎಂಡ್ ಬರೆಯಲು ಹೋದೆ. ಮೊದಲ ಚಿತ್ರ ಬಂದಾಗ ಮಾರಿಯೋ ಗಾಳಿಗೆ ವಾಲಿದ ತೆಂಗಿನಮರದ ಹಾಗೆ ಓರೆಯಾಗಿ ನಿಂತಿದ್ದ. ಎರಡು ರಾತ್ರಿ ಹೋಯಿತು. ಕೋರ್ ಚಿತ್ರ ಕೊಡುವಾಗ ಅಗಲ, ಎತ್ತರದ ಜೊತೆ ಇನ್ನೊಂದು ಅಂಕೆ ಕೊಡುತ್ತದೆ: ಮೆಮೊರಿಯಲ್ಲಿ ಒಂದು ಗೆರೆಯ ಆರಂಭದಿಂದ ಮುಂದಿನ ಗೆರೆಯ ಆರಂಭಕ್ಕೆ ಎಷ್ಟು ಬೈಟ್ ಎಂದು. ಗೆರೆಯ ಕೊನೆಯಲ್ಲಿ ಕೋರ್ ಖಾಲಿ ಜಾಗ ಬಿಟ್ಟಿರಬಹುದು. ನಾನು ಅಗಲವೊಂದನ್ನೇ ನಂಬಿದ್ದೆ. ತಪ್ಪು ಹೆಡರ್ ಫೈಲಿನದ್ದಲ್ಲ, ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನಾನು ಓದಿರಲಿಲ್ಲ.

ಶಬ್ದದ ಕತೆ ಇನ್ನೂ ಸೂಕ್ಷ್ಮ. ಅಮೆರಿಕದ ಸೂಪರ್ ನಿಂಟೆಂಡೋ ಸೆಕೆಂಡಿಗೆ 60.0988 ಚಿತ್ರ ಕೊಡುತ್ತದೆ, ಶಬ್ದದ ಮಾದರಿ 32,040ರ ಆಸುಪಾಸು. ಅಂದರೆ ಒಂದು ಚಿತ್ರಕ್ಕೆ ಸುಮಾರು 533. ನಮ್ಮ ಪರದೆ ಕೊಡುವುದು ಸರಿಯಾಗಿ 60. ಪರದೆಯ ತಾಳಕ್ಕೆ ನಡೆದರೆ ಸೆಕೆಂಡಿಗೆ ಐವತ್ತು ಚಿಲ್ಲರೆ ಮಾದರಿ ಕಡಿಮೆ ಬಿದ್ದು ಸ್ಪೀಕರ್ ಚಟಪಟ ಅನ್ನುತ್ತದೆ. ಶಬ್ದದ ತಾಳಕ್ಕೆ ನಡೆದರೆ ಚಿತ್ರ ಆಗಾಗ ಎಡವುತ್ತದೆ. ಆರ್ಂಟ್ಜೆನ್ 2012ರಲ್ಲಿ ಇದಕ್ಕೆ ಒಂದು ಉಪಾಯ ಬರೆದರು. ಶಬ್ದದ ಕೊಡಪಾನ ಎಷ್ಟು ತುಂಬಿದೆ ಎಂದು ನೋಡುತ್ತಾ ನಲ್ಲಿಯನ್ನು ಒಂದಿಷ್ಟೇ ತಿರುಗಿಸುವುದು, ಹೆಚ್ಚೆಂದರೆ ನೂರಕ್ಕೆ ಅರ್ಧ ಪಾಲು. ಶ್ರುತಿಯಲ್ಲಿ ಆದ ಅಷ್ಟು ವ್ಯತ್ಯಾಸ ಕಿವಿಗೆ ತಿಳಿಯುವುದಿಲ್ಲ. ಕೋರಿಗೆ ಇದರ ಸುದ್ದಿಯೇ ಇಲ್ಲ. ಒಮ್ಮೆ ಫ್ರಂಟ್‌ಎಂಡಿನಲ್ಲಿ ಸರಿಮಾಡಿದರೆ ಎಲ್ಲ ಕೋರುಗಳಿಗೂ ಸರಿಯಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆರನೆಯ ನಂಬರ್, 'ಉಳಿದ ಏನೇ ಮಾತಿಗೆ' ಅಂದೆನಲ್ಲ, ಅದು. ಅದರ ಮೂಲಕ ಕೋರ್ ಒಂದು ಅಂಕೆ ಹೇಳಿ ಬೇಡಿಕೆ ಇಡುತ್ತದೆ. 1 ಅಂದರೆ ಚಿತ್ರವನ್ನು ತಿರುಗಿಸಿ ತೋರಿಸು (ಉದ್ದುದ್ದ ಪರದೆಯ ಆರ್ಕೇಡ್ ಆಟಗಳಿಗೆ), 9 ಅಂದರೆ ಸಿಸ್ಟಮ್ ಫೈಲ್ ಇಟ್ಟ ಫೋಲ್ಡರ್ ಯಾವುದು, 10 ಅಂದರೆ ನನ್ನ ಬಣ್ಣಗಳ ಲೆಕ್ಕ ಹೀಗೆ, 14 ಅಂದರೆ ನನಗೆ ಗ್ರಾಫಿಕ್ಸ್ ಕಾರ್ಡನ್ನೇ ಬಳಸಲು ಬಿಡು. ಫ್ರಂಟ್‌ಎಂಡಿಗೆ ಆ ಅಂಕೆ ಗೊತ್ತಿಲ್ಲದಿದ್ದರೆ ಜಗಳವಿಲ್ಲ, 'ಇಲ್ಲ' ಎಂದು ಉತ್ತರಿಸುತ್ತದೆ, ಕೋರ್ ಇದ್ದುದರಲ್ಲೇ ಸುಧಾರಿಸಿಕೊಳ್ಳುತ್ತದೆ. ಹೊಸ ಅಗತ್ಯಗಳೆಲ್ಲ ಹೊಸ ಅಂಕೆಗಳಾಗಿ ಸೇರಿದವು, ಹಳೆಯ ಕೋರುಗಳನ್ನು ಮುರಿಯಬೇಕಾಗಲಿಲ್ಲ. ಒಪ್ಪಂದದ ಆವೃತ್ತಿ ಎಷ್ಟು ಎಂದು ಕೇಳಿದರೆ ಕೋರುಗಳು ಈಗಲೂ ಕೊಡುವ ಉತ್ತರ: 1.

ಯಂತ್ರದ ಆ ಕ್ಷಣದ ಸ್ಥಿತಿಯನ್ನು ಮೂಟೆ ಕಟ್ಟಿ ಕೊಡುವ, ಮತ್ತೆ ಬಿಚ್ಚಿಕೊಳ್ಳುವ ಫಂಕ್ಷನುಗಳೂ ಆ 25ರಲ್ಲಿವೆ. ಮೂಟೆಯೊಳಗೆ ಏನಿದೆ ಎಂದು ಫ್ರಂಟ್‌ಎಂಡಿಗೆ ಗೊತ್ತಿಲ್ಲ, ಗೊತ್ತಿರಬೇಕಿಲ್ಲ. ಮೂಟೆಗಳನ್ನು ಸಾಲಾಗಿಟ್ಟು ಹಿಂದಕ್ಕೆ ಹೋದರೆ ಆಟ ಹಿಮ್ಮುಖ ಓಡುತ್ತದೆ. 2018ರಲ್ಲಿ ಬಂದ ರನ್-ಅಹೆಡ್ ಇನ್ನೂ ಚೆಂದ. ಬಟನ್ ಒತ್ತಿದ ಒಂದೆರಡು ಚಿತ್ರಗಳ ನಂತರವೇ ಓಗೊಡುವ ಆಟಗಳಿವೆ. ಫ್ರಂಟ್‌ಎಂಡ್ ಈಗಿನ ಸ್ಥಿತಿಯನ್ನು ಮೂಟೆ ಕಟ್ಟಿಟ್ಟು, ಕೋರನ್ನು ಸದ್ದಿಲ್ಲದೆ ಮುಂದಕ್ಕೆ ಓಡಿಸಿ, ಆ ಮುಂದಿನ ಚಿತ್ರವನ್ನು ನಮಗೆ ತೋರಿಸಿ, ಮೂಟೆ ಬಿಚ್ಚಿ ಹಿಂದಿರುಗುತ್ತದೆ. ಕೆಲವು ಆಟ ಅಸಲಿ ಯಂತ್ರಕ್ಕಿಂತ ಚುರುಕಾಗಿ ಓಗೊಡುವುದೂ ಉಂಟು.

ಹೀಗೆ ಏನೂ ಇಲ್ಲದ ಕೋರ್ ಎಲ್ಲಿ ಬೇಕಾದರೂ ಬದುಕುವಂತಾಯಿತು. ಇದು ನಮಗೆ ವಿಚಿತ್ರ ಅನಿಸಬೇಕಿಲ್ಲ. ನಮ್ಮ ಬ್ಯಾರಿ ಭಾಷೆಯನ್ನು ನಾವು ಹೆಚ್ಚಾಗಿ ಕನ್ನಡ ಅಕ್ಷರದಲ್ಲೇ ಬರೆಯುತ್ತಾ ಬಂದವರು. ಹೆಡರ್ ಫೈಲ್ ಎಂಐಟಿ ಲೈಸೆನ್ಸಿನಲ್ಲಿರುವ ಕಾರಣ ಯಾರೂ ಬಳಸಬಹುದು. 2019ರಲ್ಲಿ ಸಿನಿಮಾ ನೋಡುವ ಕೋಡಿ ಪ್ರೋಗ್ರಾಮ್ ತನ್ನ 18ನೆಯ ಆವೃತ್ತಿಯಲ್ಲಿ ಇವೇ ಕೋರುಗಳನ್ನು ಒಳಗೆ ಬಿಟ್ಟುಕೊಂಡಿತು. ಆ್ಯಪಲ್ 2024ರ ಏಪ್ರಿಲ್‌ನಲ್ಲಿ ನಿಯಮ ಸಡಿಲಿಸಿದ ಮೇಲೆ ಮೇ ತಿಂಗಳಲ್ಲಿ ರೆಟ್ರೋಆರ್ಕ್ ಐಫೋನಿಗೆ ಬಂತು. ಹುಡುಗನ ಕೈಗೆ ಸಿಕ್ಕಿದ್ದು ಹಾಗೆ. ಆಟ ಮಾತ್ರ ಅದರೊಳಗೆ ಬರಲಿಲ್ಲ, ಏಕೆಂದರೆ ಆಟದ ಹಕ್ಕು ಅದನ್ನು ಮಾಡಿದ ಕಂಪೆನಿಯದ್ದು. ಎಮ್ಯುಲೇಟರ್ ಬರೆಯುವುದು ತಪ್ಪಲ್ಲ ಎಂಬ ಕಡೆಗೆ ಸೋನಿ-ಕನೆಕ್ಟಿಕ್ಸ್ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ತೀರ್ಪು ಕೊಟ್ಟಿತ್ತು. ಆಟವನ್ನು ಹಂಚುವುದು ಬೇರೆ ವಿಷಯ. '9999999 ಇನ್ 1' ಆಡಿ ಬೆಳೆದ ನಾನು ಇದನ್ನು ಅವನಿಗೆ ಗಂಭೀರ ಮುಖ ಮಾಡಿ ಹೇಳಬೇಕಾಯಿತು.

ಈ ಏರ್ಪಾಡಿನಲ್ಲಿ ಒಂದು ನೋವೂ ಇದೆ. ಜನರ ಬಾಯಲ್ಲಿರುವುದು ಫ್ರಂಟ್‌ಎಂಡಿನ ಹೆಸರು. ಹತ್ತು ಹದಿನೈದು ವರ್ಷ ಕೂತು ಒಂದು ಯಂತ್ರದ ಒಳಗನ್ನು ಬಗೆದವರು ಡ್ರಾಪ್‌ಡೌನ್ ಮೆನುವಿನ ಒಂದು ಸಾಲು. ಸ್ನೆಸ್9ಎಕ್ಸ್‌ನಂಥವುಗಳನ್ನು ಬರೆದವರು ವ್ಯಾಪಾರಕ್ಕೆ ಬಳಸಬಾರದು ಎಂದು ಲೈಸೆನ್ಸಿನಲ್ಲಿ ಹೇಳಿದ್ದಾರೆ. ಆದರೂ ಸಾವಿರಾರು ಆಟ ತುಂಬಿದ ಅಗ್ಗದ ಪೆಟ್ಟಿಗೆಗಳು ಅದೇ ಕೋರುಗಳನ್ನು ಹೊತ್ತುಕೊಂಡು ಮಾರಾಟವಾಗುತ್ತವೆ. 'ಮೇಮ್ 2003' ಎಂಬ ಕೋರ್ ಮೇಮ್‌ನ 0.78ನೆಯ ಆವೃತ್ತಿಯ ಮೇಲೆ ನಿಂತಿದೆ. ಮೂಲ ಮೇಮ್ ಎಷ್ಟೋ ಮುಂದೆ ಹೋಗಿದ್ದರೂ ಬಳಸುವವನಿಗೆ ಎರಡೂ ಒಂದೇ, ದೂರು ಹೋಗುವುದು ಎಲ್ಲಿಗೋ. ಒಪ್ಪಂದದಲ್ಲಿ ಕೋರಿನ ಹೆಸರು ಕೇಳುವ ಫಂಕ್ಷನ್ ಇದೆ, ಬರೆದವರ ಹೆಸರು ಕೇಳುವ ಫಂಕ್ಷನ್ ಇಲ್ಲ. ಇದು ಅದರ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಲಿಬ್‌ಸ್ನೆಸ್ ಎಂಬ ಹೆಸರೂ ಈಗ ಹೆಚ್ಚಿನವರಿಗೆ ನೆನಪಿಲ್ಲ. ನಿಯರ್ ತೀರಿಕೊಂಡ ಸುದ್ದಿ ಬಂದದ್ದು 2021ರ ಜೂನ್ ಕೊನೆಯಲ್ಲಿ.

ರೆಟ್ರೋಆರ್ಕ್ ತನ್ನ ಕಡೆಯಿಂದ ಒಂದು ಪುಟ ಇಟ್ಟಿದೆ, 'ಕೋರ್ ಇನ್ಫರ್ಮೇಷನ್' ಎಂದು. ಕೋರಿನ ಜೊತೆಗಿಟ್ಟ ಬೇರೆ ಫೈಲಿನಿಂದ ಅದು ಲೇಖಕರ ಹೆಸರು, ಲೈಸೆನ್ಸ್ ಎಲ್ಲ ಓದಿ ತೋರಿಸುತ್ತದೆ. ಹೊರಡುವ ಹಿಂದಿನ ರಾತ್ರಿ ಹುಡುಗನಿಗೆ ಅದನ್ನು ತೆರೆದು ಕೊಟ್ಟೆ. ಹೆಸರುಗಳನ್ನು ಒಂದೊಂದಾಗಿ ತಡವರಿಸಿ ಓದಿದ. "ಇವರನ್ನೆಲ್ಲ ನಿಮಗೆ ಗೊತ್ತುಂಟಾ ಮಾಮ?" ಎಂದು ಕೇಳಿದ. ಇಲ್ಲ ಅಂದೆ. ಅವನು ಇನ್ನೊಂದು ಕೋರಿನ ಪುಟ ತೆರೆದು ಅಲ್ಲಿಯೂ ಓದಲು ಶುರುಮಾಡಿದ.